ಮನೆಯ ಕಂಪ್ಯೂಟರ್‌ಗೆ ಆರು ವರ್ಷ ಆಯಿತು, ತುಂಬಾ ನಿಧಾನ. ಐದು ವರ್ಷ ದಾಟಿದರೆ ಬದಲಿಸಲೇಬೇಕು ಎಂದು ಯಾರೋ ಹೇಳಿದರು. ನಿಜಕ್ಕೂ ಎಷ್ಟು ವರ್ಷಕ್ಕೆ ಬದಲಿಸಬೇಕು?

"ಐದು ವರ್ಷ ದಾಟಿದರೆ ಬದಲಿಸಲೇಬೇಕು" ಎಂದು ನಿಮಗೆ ಯಾರೋ ಹೇಳಿದ್ದಾರಲ್ಲ, ನನಗೂ ಒಬ್ಬರು ಅದನ್ನೇ ಹೇಳಿದ್ದರು. ನನ್ನ ಲ್ಯಾಪ್‌ಟಾಪ್‌ಗೂ ಆಗ ಐದು ದಾಟಿತ್ತು. ಬಟನ್ ಒತ್ತಿ ಮುಖ ತೊಳೆದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಬ್ರೌಸರ್ ತೆರೆದರೆ ಒಳಗಿನಿಂದ ಕರಕರ ಸದ್ದು. ವಯಸ್ಸಾಗಿದೆ, ಹೊಸದು ತರೋಣ ಎಂದುಕೊಂಡೆ. ತಂದದ್ದೂ ಆಯಿತು. ಆ ಹೊಸದು ಹಳೆಯದರ ಅರ್ಧ ಕಾಲ ಕೂಡ ಬಾಳಲಿಲ್ಲ.

ಹಳೆಯದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ದಪ್ಪನೆಯ ಲ್ಯಾಪ್‌ಟಾಪ್, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುತ್ತಿತ್ತು. ಹಿಂದಿನ ಸ್ಕ್ರೂ ಬಿಚ್ಚಿದರೆ ತೆರೆದ ಪ್ರೋಗ್ರಾಂಗಳನ್ನು ಹಿಡಿದಿಡುವ ಮೆಮೊರಿಯಾದ ರ್‍ಯಾಮ್, ಹಾರ್ಡ್ ಡಿಸ್ಕ್ ಎರಡೂ ಕೈಗೆ ಸಿಗುತ್ತಿದ್ದವು. ಇದು ನನಗೆ ಗೊತ್ತಾದದ್ದು ಅದನ್ನು ಕೊಟ್ಟುಬಿಟ್ಟ ಮೇಲೆ. 4 ಜಿಬಿ ರ್‍ಯಾಮ್ ಇತ್ತು, ಪಕ್ಕದಲ್ಲೇ ಇನ್ನೊಂದು ಸ್ಲಾಟ್ ಖಾಲಿ ಇತ್ತು. ಡಿಸ್ಕ್ ಮಾತ್ರ ನಿಮಿಷಕ್ಕೆ 5400 ಸುತ್ತು ತಿರುಗುವ ಮಾಮೂಲಿ ಹಾರ್ಡ್ ಡಿಸ್ಕ್. ಅದು ಒಂದು ಸುತ್ತು ಮುಗಿಸುವುದಕ್ಕೆ ಸುಮಾರು 11 ಮಿಲಿಸೆಕೆಂಡ್ ಬೇಕು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಕಂಪ್ಯೂಟರ್ ಆನ್ ಆಗುವಾಗ ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಸಣ್ಣ ಫೈಲ್ ಓದಬೇಕು, ಪ್ರತಿ ಸಲವೂ ಡಿಸ್ಕಿನ ಮುಳ್ಳು ಆ ಜಾಗಕ್ಕೆ ಸರಿಯಬೇಕು, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಇಂಥ ಚೂರುಪಾರು ಕೆಲಸದಲ್ಲಿ ಅದು ಸೆಕೆಂಡಿಗೆ ನೂರು ಸಲ ಓದಿದರೆ ಹೆಚ್ಚು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಹಾಕುವ, ಬರೀ ಚಿಪ್‌ಗಳಿಂದಾದ ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಅದು ಸಾವಿರಗಟ್ಟಲೆ ಸಲ ಓದುತ್ತದೆ. ನನ್ನ ಡಿಸ್ಕ್ ಹೊಸದಾಗಿದ್ದಾಗಲೂ ಇಷ್ಟೇ ನಿಧಾನ ಇತ್ತು ಅನ್ನಿ. ಅದರ ಮೇಲೆ ಬಿದ್ದ ಕೆಲಸ ಜಾಸ್ತಿ ಆಗಿತ್ತು ಅಷ್ಟೇ. ಅಪ್‌ಡೇಟ್, ಆಂಟಿವೈರಸ್, ಬ್ರೌಸರ್, ಹಿನ್ನೆಲೆಯಲ್ಲಿ ಸಿಂಕ್ ಆಗುವ ಫೋಟೊ, ಎಲ್ಲವೂ ಒಟ್ಟಿಗೆ ಒಂದೇ ಮುಳ್ಳನ್ನು ಎಳೆದಾಡುತ್ತಿದ್ದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಾನು ಮಾಡಿದ್ದು ಅದೇ. ತಡವರಿಸುತ್ತಿದ್ದದ್ದು ಡಿಸ್ಕ್ ಒಂದೇ. ಚೆನ್ನಾಗಿದ್ದ ಪ್ರೊಸೆಸರ್, ಕೀಬೋರ್ಡ್, ಪರದೆ ಎಲ್ಲವನ್ನೂ ಕೈಬಿಟ್ಟೆ.

ಇಷ್ಟೇ ಆಗಿದ್ದರೆ ಸುಮ್ನೆ ಒಂದಿಷ್ಟು ದುಡ್ಡು ಹೋಯಿತು ಅಂತ ಬಿಟ್ಟುಬಿಡುತ್ತಿದ್ದೆ. ನಿಜವಾದ ಎಡವಟ್ಟು ಹೊಸದನ್ನು ಆರಿಸಿದ್ದರಲ್ಲಿ ಇತ್ತು. ತೆಳ್ಳಗಿದೆ, ಹಗುರ ಇದೆ, ಚಾರ್ಜ್ ಜಾಸ್ತಿ ಹೊತ್ತು ನಿಲ್ಲುತ್ತದೆ, ಹೊಸದು ಅಂದಮೇಲೆ ಹಳೆಯದಕ್ಕಿಂತ ಜೋರಾಗಿಯೇ ಇರುತ್ತದೆ ಅಲ್ವಾ ಎಂದು ತೆಗೆದುಕೊಂಡೆ. ವಿವರದ ಪಟ್ಟಿಯಲ್ಲಿ 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್ ಎಂದು ಬರೆದಿತ್ತು. ಇಎಂಎಂಸಿ ಎಂದರೆ ಏನು ಎಂದು ಹುಡುಕುವ ಗೋಜಿಗೆ ಹೋಗಲಿಲ್ಲ. ಎಸ್‌ಎಸ್‌ಡಿಯ ತಮ್ಮನೋ ಅಣ್ಣನೋ ಇರಬೇಕು ಎಂದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಈಗಲೂ ಇಂಥ ಯಂತ್ರಗಳು ಮಾರಾಟಕ್ಕಿವೆ. ಇಎಂಎಂಸಿ ಕೂಡ ಫ್ಲ್ಯಾಶ್ ಮೆಮೊರಿಯೇ, ಆದರೆ ಅಗ್ಗದ ಫೋನ್‌ಗಳಲ್ಲಿ ಇರುವಂಥದ್ದು. ಒಂದೇ ಹೊತ್ತಿಗೆ ಓದುವುದು ಬರೆಯುವುದು ಎರಡೂ ಅದರಿಂದ ಆಗುವುದಿಲ್ಲ, ಒಂದು ಮುಗಿದ ಮೇಲೆ ಇನ್ನೊಂದು. ಅದಕ್ಕಿಂತ ಮುಖ್ಯವಾಗಿ ಅದನ್ನು ಯಂತ್ರದ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ನನ್ನದರಲ್ಲಿ ರ್‍ಯಾಮ್ ಕೂಡ ಹಾಗೆಯೇ ಬೆಸುಗೆ ಹಾಕಿದ್ದು. ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಓಡಿತು, ನಾನು ಕಂಡವರಿಗೆಲ್ಲ ಹೊಗಳಿದ್ದೂ ಉಂಟು. ಆಮೇಲೆ ಜಾಗ ತುಂಬತೊಡಗಿತು. 64 ಜಿಬಿ ಎಂದದ್ದು ವಿಂಡೋಸ್ ಎಣಿಸುವ ರೀತಿಯಲ್ಲಿ 60ಕ್ಕೂ ಕಡಿಮೆ. ಅದರಲ್ಲಿ ವಿಂಡೋಸ್ ತಾನೇ ದೊಡ್ಡ ಪಾಲು ತಿನ್ನುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಹೊಸದನ್ನು ಇಳಿಸಿಕೊಳ್ಳುವುದಕ್ಕೆ ಜಾಗ ಬೇಕು, ಬಿಡಿಸುವುದಕ್ಕೆ ಜಾಗ ಬೇಕು, ಹಳೆಯ ವಿಂಡೋಸನ್ನು ಹತ್ತು ದಿನ ಪಕ್ಕದಲ್ಲಿ ಇಟ್ಟುಕೊಳ್ಳುವುದಕ್ಕೂ ಜಾಗ ಬೇಕು. ಜಾಗ ಇಲ್ಲ ಎಂದರೆ ಪೆನ್ ಡ್ರೈವ್ ಚುಚ್ಚಿ ಎನ್ನುತ್ತದೆ. ಚುಚ್ಚಿದೆ. ಒಂದು ಸಲ ಆಯಿತು, ಮುಂದಿನ ಸಲ ಅರ್ಧಕ್ಕೆ ನಿಂತು ಹಿಂದಕ್ಕೆ ಬಂತು. ಫೋಟೊ ಅಳಿಸಿದೆ, ಪ್ರೋಗ್ರಾಂ ತೆಗೆದೆ, ಡೌನ್‌ಲೋಡ್ ಫೋಲ್ಡರ್ ಗುಡಿಸಿದೆ. ಕಂಪ್ಯೂಟರ್ ಬಳಸುವುದಕ್ಕಿಂತ ಅದರ ಕಸ ಬಳಿಯುವುದೇ ಕೆಲಸ ಆಯಿತು.

ಜೊತೆಗೆ 4 ಜಿಬಿ ರ್‍ಯಾಮ್. ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಅದು ಭರ್ತಿ. ಭರ್ತಿ ಆದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕ್ ಮೇಲೆ ಬರೆದಿಡುತ್ತದೆ, ಅಂದರೆ ಮೊದಲೇ ಉಸಿರುಗಟ್ಟಿದ್ದ ಆ ಇಎಂಎಂಸಿಯ ಮೇಲೆ. ಇಂಥ ಮೆಮೊರಿ ಬರೆದಷ್ಟೂ ಸವೆಯುತ್ತದೆ. ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ ರ್‍ಯಾಮ್ ಜಾಸ್ತಿ ಮಾಡಿಕೊಡಿ ಎಂದೆ. ಅವರು ಬಿಚ್ಚಿ ತೋರಿಸಿದರು. ಸ್ಲಾಟೇ ಇಲ್ಲ. ಕೊನೆಗೆ ಒಂದು ದಿನ ಆನ್ ಆಯಿತು, ಡಿಸ್ಕ್ ಕಾಣುತ್ತಿಲ್ಲ ಎಂದಿತು. ಹಳೆಯದಾಗಿದ್ದರೆ ಡಿಸ್ಕ್ ಬಿಚ್ಚಿ ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಫೈಲ್ ತೆಗೆಯುವ ಪ್ರಯತ್ನವನ್ನಾದರೂ ಮಾಡಬಹುದಿತ್ತು. ಬೋರ್ಡ್‌ಗೆ ಅಂಟಿದ್ದನ್ನು ಎಲ್ಲಿಂದ ಬಿಚ್ಚುವುದು? ಅದರಲ್ಲಿದ್ದ ಬರಹ, ಲೆಕ್ಕ ಎಲ್ಲ ಅದರ ಜೊತೆಗೇ ಹೋಯಿತು.

ಅಷ್ಟು ಹೊತ್ತಿಗೆ ಹಳೆಯ ಲ್ಯಾಪ್‌ಟಾಪ್ ನನ್ನ ಭಾವಮೈದುನನ ಮನೆಯಲ್ಲಿ ಹಾಯಾಗಿ ಓಡುತ್ತಿತ್ತು. ಅವನು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದ, ಖಾಲಿ ಸ್ಲಾಟ್‌ಗೆ ಇನ್ನೊಂದು 4 ಜಿಬಿ ಸೇರಿಸಿದ್ದ. "ಭಾವ, ಇದನ್ನ ಯಾಕೆ ಕೊಟ್ರಿ?" ಎಂದು ಕೇಳಿದ. ವ್ಯಂಗ್ಯಕ್ಕೆ ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಹಾಗಾಗಿ ಎಷ್ಟು ವರ್ಷ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ವರ್ಷದ ಲೆಕ್ಕ ಆಫೀಸುಗಳದ್ದು. ಅಲ್ಲಿ ವಾರಂಟಿ ಮುಗಿಯುತ್ತದೆ, ಲೆಕ್ಕಪುಸ್ತಕದಲ್ಲಿ ಯಂತ್ರದ ಬೆಲೆ ಇಳಿಯುತ್ತದೆ, ನೂರಾರು ಯಂತ್ರ ಒಟ್ಟಿಗೆ ಬದಲಿಸುವುದು ಅವರಿಗೆ ಸುಲಭ. ಮನೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇರುವವರಿಗೆ ಆ ಲೆಕ್ಕ ಯಾಕೆ? ನಿಮ್ಮದರಲ್ಲಿ ಯಾವ ಭಾಗ ಸೋತಿದೆ, ಅದನ್ನು ಬಿಚ್ಚಿ ಹಾಕಬಹುದೇ, ಇಷ್ಟು ನೋಡಿ.

ವಿಂಡೋಸ್ ಎಂದುಕೊಂಡು ಬರೆಯುತ್ತಿದ್ದೇನೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ, ನಿಧಾನ ಅನಿಸುವ ಹೊತ್ತಿನಲ್ಲೇ ನೋಡಿ. ಡಿಸ್ಕ್ 100 ಶೇಕಡಾದಲ್ಲಿ ಅಂಟಿಕೊಂಡು ಕೂತಿದ್ದರೆ, ಅದರ ಕೆಳಗೆ ಎಚ್‌ಡಿಡಿ, ಅಂದರೆ ಹಾರ್ಡ್ ಡಿಸ್ಕ್, ಎಂದಿದ್ದರೆ, ನಿಮ್ಮ ಕಥೆಯೂ ನನ್ನದೇ, ಎಸ್‌ಎಸ್‌ಡಿ ಹಾಕಿಸಿ ಮುಗಿಸಿ. ಮೆಮೊರಿ ಸದಾ ತೊಂಬತ್ತರ ಹತ್ತಿರ ಇದ್ದರೆ ರ್‍ಯಾಮ್ ಸಾಲದು ಎಂದರ್ಥ. ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದು ಅದೇ ಪುಟದಲ್ಲಿ ಇರುತ್ತದೆ. ಅಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಎಂದು ಬಂದರೆ ಬೆಸುಗೆ ಹಾಕಿದ ರ್‍ಯಾಮ್ ಎಂದುಕೊಳ್ಳಿ. ಡಿಸ್ಕೂ ರ್‍ಯಾಮೂ ಆರಾಮಾಗಿದ್ದು ಸಿಪಿಯು (ಪ್ರೊಸೆಸರ್) ಮಾತ್ರ ಒದ್ದಾಡುತ್ತಿದ್ದರೆ ಫ್ಯಾನ್ ಕಡೆ ನೋಡಿ. ದೂಳು ಕಟ್ಟಿಕೊಂಡು ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ದೂಳು ತೆಗೆಸಿ, ಪ್ರೊಸೆಸರ್‌ನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಹೆಚ್ಚು ಗುಣಮಟ್ಟದ ವಿಡಿಯೊ ನೋಡುವಾಗ ಮಾತ್ರ ತಡವರಿಸಿದರೆ ಅದು ನಿಜವಾದ ಮುಪ್ಪು. ಈಗಿನ ವಿಡಿಯೊ ಬಿಡಿಸುವ ಸರ್ಕ್ಯೂಟ್ ಹಳೆಯ ಚಿಪ್‌ಗಳಲ್ಲಿ ಇಲ್ಲ. ಎವಿ1 ಎಂಬ ವಿಧಾನಕ್ಕೆ ಇಂಟೆಲ್‌ನಲ್ಲಿ 2020ರ 11ನೇ ತಲೆಮಾರೇ ಬೇಕು. ವಿಡಿಯೊದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ನಡೆಯುತ್ತದೆ, ನಾನಂತೂ ಇದಕ್ಕಾಗಿ ಕಂಪ್ಯೂಟರ್ ಬದಲಿಸುವುದಿಲ್ಲ.

ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿ, ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಎಂದು ಕೂಗುತ್ತವೆಯೇ? ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ಬಿಲ್ಲೆಯಂಥ ಬ್ಯಾಟರಿ ಮುಗಿದಿರುತ್ತದೆ. ಅಷ್ಟಕ್ಕೇ ಕಂಪ್ಯೂಟರ್ ಮೂಲೆಗೆ ತಳ್ಳಿದವರನ್ನು ನೋಡಿದ್ದೇನೆ.

ವಯಸ್ಸು ನಿಜವಾಗಿ ಲೆಕ್ಕಕ್ಕೆ ಬರುವುದು ಒಂದೇ ಕಡೆ, ಭದ್ರತೆಯ ಅಪ್‌ಡೇಟ್‌ನಲ್ಲಿ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ, ಮಾಮೂಲಿ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಮನೆಯವರಿಗೆ ಬೇಕಿದ್ದರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ ತನಕ, ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್‌ನವರು ಹೇಳಿದ್ದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಯಂತ್ರದಲ್ಲೇ ಇರಬೇಕು, ಹೆಚ್ಚುಕಡಿಮೆ ಇಂಟೆಲ್ 8ನೇ ತಲೆಮಾರು ಅಥವಾ ಎಎಂಡಿ ರೈಜನ್ 2000 ಸಾಲಿನಿಂದ ಈಚಿನ ಪ್ರೊಸೆಸರ್ ಬೇಕು. 8ನೇ ತಲೆಮಾರು ಬಂದದ್ದು 2017ರಲ್ಲಿ. ನಿಮ್ಮದಕ್ಕೆ ಆರೇ ವರ್ಷ ಅಂದರೆ ಪಾಸಾಗುವ ಸಾಧ್ಯತೆ ಹೆಚ್ಚು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ. ಅದು ಆಗುವುದಿಲ್ಲ ಎಂದರೂ ತಕ್ಷಣ ನಂಬಬೇಡಿ, ಎಷ್ಟೋ ಬೋರ್ಡ್‌ಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತದೆ. ಆದರೆ ಬಯೋಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಬಿದ್ದಿದೆಯೇ ನೋಡಿಕೊಳ್ಳಿ. ಬಿದ್ದಿದ್ದರೆ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಅದು ಕೇಳಿದಾಗ ನಿಮ್ಮ ಹತ್ತಿರ ಇಲ್ಲದಿದ್ದರೆ ಫೈಲ್‌ಗಳ ಆಸೆ ಬಿಡಬೇಕಾಗುತ್ತದೆ.

ಪ್ರೊಸೆಸರ್ ನಿಜವಾಗಿಯೂ ಹಳೆಯದು, 11 ಹತ್ತುವುದೇ ಇಲ್ಲ ಅಂತಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. ಬ್ರೌಸರ್, ಪತ್ರ, ವಿಡಿಯೊ ಇಷ್ಟೇ ಬಳಕೆ ಇರುವ ಮನೆಗೆ ಧಾರಾಳ ಸಾಕು. ಪೆನ್ ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂದು ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಮ್ಯಾಕ್ ಇದ್ದವರಿಗೆ ಒಂದೇ ಮಾತು: ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಿಗೆ 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಕೊನೆಯ ಆವೃತ್ತಿ.

ಮದರ್‌ಬೋರ್ಡ್ ಸತ್ತಿದ್ದರೆ ಬದಲಿಸಿ. ಒಳಗೆ ನೀರು ಹೋಗಿ ಒಂದೊಂದೇ ಭಾಗ ಕೈಕೊಡುತ್ತಿದ್ದರೂ ಬದಲಿಸಿ. ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಮಾತ್ರ ಇವತ್ತೇ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ತಿಳಿದವರಿಂದ ಬ್ಯಾಟರಿ ತೆಗೆಸಿ. ಇದಕ್ಕೆ ವರ್ಷದ ಲೆಕ್ಕ ಇಲ್ಲ.

ಹೊಸದೇ ಬೇಕು ಅಂತಾದರೆ ನನ್ನ ಹಠದ ಅಭಿಪ್ರಾಯ ಕೇಳಿ: ಮನೆಯಲ್ಲಿ ಒಂದೇ ಕಡೆ ಕೂತು ಬಳಸುವವರು ಲ್ಯಾಪ್‌ಟಾಪ್ ಕೊಳ್ಳುವುದೇ ದಂಡ, ಡೆಸ್ಕ್‌ಟಾಪ್ ತನ್ನಿ. ಪವರ್ ಸಪ್ಲೈ ಹೋದರೆ ಅದೊಂದನ್ನೇ ಬದಲಿಸಬಹುದು, ಡಿಸ್ಕ್ ಹೋದರೆ ಡಿಸ್ಕ್. ಲ್ಯಾಪ್‌ಟಾಪೇ ಆಗಬೇಕು ಎಂದರೆ ಕೊಳ್ಳುವ ಮೊದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಇವನ್ನು ತಮ್ಮ ತಾಣಗಳಲ್ಲೇ ಇಡುತ್ತವೆ. ರ್‍ಯಾಮ್ ಬಿಚ್ಚುವುದು ಹೇಗೆ ಎಂಬ ಪುಟ ಅದರಲ್ಲಿ ಇದೆಯೇ, ಎಸ್‌ಎಸ್‌ಡಿಗೆ ಎಂ.2 ಸ್ಲಾಟ್ ಇದೆಯೇ ನೋಡಿ. ವಿವರದಲ್ಲಿ ಮೆಮೊರಿಯ ಎದುರು ಎಲ್‌ಪಿಡಿಡಿಆರ್ ಎಂದು ಕಂಡರೆ ಬಹುಪಾಲು ಬೆಸುಗೆ ಹಾಕಿದ್ದೇ. ಅಂಥದ್ದನ್ನು ಕೊಂಡರೆ 16 ಜಿಬಿಗಿಂತ ಕಡಿಮೆಗೆ ಇಳಿಯಬೇಡಿ, ಮುಂದೆ ಸೇರಿಸುವ ದಾರಿ ಇಲ್ಲ. ಇಎಂಎಂಸಿ ಎಂದು ಕಂಡರೆ ಪುಟ ಮುಚ್ಚಿ ಎದ್ದುಬಿಡಿ.

ನಿಮ್ಮ ವಿಷಯದಲ್ಲಿ ನನ್ನ ಊಹೆ, ಎಸ್‌ಎಸ್‌ಡಿ ಹಾಕಿದರೆ ಸಾಕಾಗುತ್ತದೆ. ಹಾಕಿಸುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂನಲ್ಲಿ ಈಗಿನ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣ ಬಂದರೆ ಬೇರೆ ಎಲ್ಲ ಬಿಟ್ಟು ಮೊದಲು ಫೈಲ್ ನಕಲು ಮಾಡಿಕೊಳ್ಳಿ. ಎಸ್‌ಎಸ್‌ಡಿ ಕೂರಿಸಿದ ಮೇಲೂ ಹಳೆಯ ಡಿಸ್ಕನ್ನು ಅಳಿಸಬೇಡಿ, ಯಾರಿಗೂ ಕೊಡಬೇಡಿ, ಒಂದಷ್ಟು ತಿಂಗಳು ಹಾಗೇ ಇಟ್ಟಿರಿ. ನಕಲು ಮಾಡಲು ಮರೆತ ಯಾವುದೋ ಒಂದು ಫೋಲ್ಡರ್ ಆಮೇಲೆ ಖಂಡಿತ ನೆನಪಾಗುತ್ತದೆ.