ಹಾಯಿದೋಣಿ ರೇಸಿಗೆ ನಲವತ್ತು ಬಾವುಟ ಬೇಡ, ಕೈಗೆ ಸಿಗುವ ಒಂದು ಕೆಂಪು ಬಾವುಟ ಬೇಕು

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ 2019 ನೆನಪಾಯಿತು. ಗೆಳೆಯರ ಜೊತೆ ಪಾಲು ಹಾಕಿ ಹಳೇ ಜೆ/24 ಹಾಯಿದೋಣಿ ಕೊಂಡಿದ್ದೀರಿ, ಬರುವ ತಿಂಗಳು ಮೊದಲ ರೇಸು, ಅಂಗಡಿಯಲ್ಲಿ 40 ಸಿಗ್ನಲ್ ಬಾವುಟಗಳ ಸೆಟ್ ನೋಡಿ ಬಂದಿದ್ದೀರಿ. ಅದನ್ನು ಕೊಂಡು ಎಲ್ಲದರ ಅರ್ಥ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ.

ಬೇಡ. ನಾನು ಅದನ್ನೇ ಮಾಡಿದ್ದೆ. 26 ಅಕ್ಷರ, 10 ಅಂಕಿ, 3 ಬದಲಿ ಬಾವುಟ, ಕೆಂಪು ಬಿಳಿ ಪಟ್ಟೆಯ ಒಂದು ಉತ್ತರದ ಬಾವುಟ. ಆಫೀಸಿಗೆ ಕಾರಿನಲ್ಲಿ ಹೋಗುವಾಗ ಮಗ್ಗಿ ಹೇಳುವ ಹಾಗೆ ಹೇಳಿಕೊಳ್ಳುತ್ತಿದ್ದೆ. ಆ ವರ್ಷದ ಸರಣಿ ಕೈತಪ್ಪಿದ್ದು ಒಂದೇ ಒಂದು ಕೆಂಪು ಬಾವುಟದಿಂದ, ಎದುರಾಳಿಯ ಮೇಲೆ ದೂರು ಇದೆ ಅಂತ ತೋರಿಸುವ ಬಾವುಟ ಅದು. ದೋಣಿಯಲ್ಲೇ ಇತ್ತು. ಕೈಗೆ ಸಿಗುವ ಜಾಗದಲ್ಲಿ ಇರಲಿಲ್ಲ.

ನನ್ನೂರು ಶಿವಮೊಗ್ಗ, ಈಗ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಹಾಯಿದೋಣಿ ಕಲಿತದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಮೊದಲು ಒಬ್ಬರೇ ನಡೆಸುವ ಲೇಸರ್ ದೋಣಿ. ಈ ವಿಷಯ ಯಾಕೆ ಹೇಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಗುತ್ತದೆ. ಎರಡು ವರ್ಷ ಆದ ಮೇಲೆ ಗೆಳೆಯನ ಜೊತೆ ಸೇರಿ ಜೆ/24 ಕೊಂಡೆವು. ಐದು ಜನರ ಕ್ರೂ, ಚುಕ್ಕಾಣಿ ನನ್ನದು.

ಆ ಸರಣಿಯ ಕೊನೆಯ ರೇಸು ಕೊಲ್ಲಿಯೊಳಗೆ ರೇಸು ನಡೆಯುವ ಜಾಗವಾದ ಬರ್ಕ್ಲಿ ಸರ್ಕಲ್‌ನಲ್ಲಿ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಸಂದಿಯಿಂದ ನುಗ್ಗುವ ಗಾಳಿ ನೇರ ಅಲ್ಲಿಗೇ ಬಂದು ಬಡಿಯುತ್ತದೆ. ನೀರು ಆಳ ಇಲ್ಲ, ಹಾಗಾಗಿ ಅಲೆ ಗಿಡ್ಡ, ಒತ್ತೊತ್ತಾಗಿ ಬರುತ್ತದೆ, ಪ್ರತಿ ಅಲೆಗೂ ಮುಖಕ್ಕೆ ಒಂದು ಚೊಂಬು ಉಪ್ಪುನೀರು. ಅವತ್ತು ಗಾಳಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಇತ್ತು. ಸರಣಿಯಲ್ಲಿ ನಮಗೂ ಇನ್ನೊಂದು ದೋಣಿಗೂ ಸಮಸಮ ಪಾಯಿಂಟ್. ಯಾರು ಮುಂದೆ ಮುಗಿಸುತ್ತಾರೋ ಸರಣಿ ಅವರದ್ದು.

ಗಾಳಿಗೆ ಎದುರಾಗಿ ಸಾಗುವ ಮೊದಲ ಏರುಗಾಳಿ ಓಟದಲ್ಲಿ ನಾವು ಸ್ಟಾರ್‌ಬೋರ್ಡ್ ಟ್ಯಾಕ್ (ಗಾಳಿ ದೋಣಿಯ ಬಲಗಡೆಯಿಂದ), ಅವರು ಪೋರ್ಟ್ ಟ್ಯಾಕ್ (ಗಾಳಿ ಎಡಗಡೆಯಿಂದ). ದಾರಿ ಬಿಡಬೇಕಾದವರು ಅವರು. ನಾನು ಎರಡು ಸಲ ‘ಸ್ಟಾರ್‌ಬೋರ್ಡ್’ ಅಂತ ಕೂಗಿದೆ. ಮುಂದಿನಿಂದ ದಾಟಿಬಿಡಬಹುದು ಅಂತ ಅವರ ಲೆಕ್ಕ. ಆಗಲಿಲ್ಲ. ಚುಕ್ಕಾಣಿಯ ಹಿಡಿ ಟಿಲ್ಲರನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡೆ, ದೋಣಿ ಗಾಳಿಯಿಂದ ಆಚೆಗೆ ತಿರುಗಿತು, ಅವರ ಹಿಂಬದಿ ನಮ್ಮ ಮೂತಿಯಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ನಮಗೆ ಎರಡು ದೋಣಿಯುದ್ದ ನಷ್ಟ. ಅದೇ ಉಸಿರಿನಲ್ಲಿ ‘ಪ್ರೊಟೆಸ್ಟ್!’ ಅಂತ ಕೂಗಿದೆ, ಅಂದರೆ ನಿಮ್ಮ ಮೇಲೆ ದೂರು ಕೊಡುತ್ತೇನೆ ಅಂತ. ಅವರು ತಪ್ಪೊಪ್ಪಿಕೊಂಡು ದೋಣಿಯನ್ನು ಗಿರ್ರನೆ ಸುತ್ತಿಸುವ ದಂಡದ ಸುತ್ತು ಹಾಕಲಿಲ್ಲ, ಸೀದಾ ಹೋದರು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ.

ಗೆಳೆಯ ಕೇಳಿದ, “ಕೆಂಪು ಬಾವುಟ ಎಲ್ಲಿಟ್ಟಿದ್ದೀ ಮಾರಾಯ?” ಅದು ಒಳಗೆ, ಮುಂದಿನ ಮಂಚದ ಕೆಳಗೆ, ಟೂಲ್ ಬಾಕ್ಸಿನ ಹಿಂದೆ, ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದೆ. ಅದರ ಮೇಲೆ ಹಾಯಿಯ ಚೀಲಗಳು. ಅಷ್ಟು ಗಾಳಿಯಲ್ಲಿ ಐದೂ ಜನ ಅಂಚಿನಲ್ಲಿ ಕೂತು ಭಾರ ಹಾಕಿದ್ದೆವು. ಒಬ್ಬ ಒಳಗಿಳಿದರೂ ದೋಣಿ ವಾಲುತ್ತದೆ, ವೇಗ ಬೀಳುತ್ತದೆ. ಸುತ್ತಿ ಬರಬೇಕಾದ ತೇಲುಗುರುತು, ಮೇಲಿನ ಮಾರ್ಕಿಗೆ ಇನ್ನೂರು ಮೀಟರೂ ಇರಲಿಲ್ಲ. ನಾನು ಹೇಳಿದೆ, “ಮೊದಲು ಮಾರ್ಕ್ ಸುತ್ತೋಣ, ಸ್ಪಿನ್ನೇಕರ್ ಹಾಯಿ ಏರಿಸೋಣ, ಆಮೇಲೆ ತೆಗೆದರಾಯಿತು.”

ನಾನು ಮಾಡಿದ ತಪ್ಪು ಈ ಮಾತೇ. ಬೇರೆ ಯಾವುದೂ ಅಲ್ಲ. ಸ್ಟಾರ್ಟ್ ಚೆನ್ನಾಗಿತ್ತು, ಟ್ಯಾಕ್ ಚೆನ್ನಾಗಿತ್ತು, ದಾರಿಯ ಹಕ್ಕು ನಮ್ಮದಿತ್ತು, ಕೂಗಿದ್ದೂ ಸರಿಯಾದ ಸಮಯಕ್ಕೇ. ಬಾವುಟ ಬ್ಯಾಕ್‌ಸ್ಟೇಗೆ (ಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಬರುವ ತಂತಿ) ಏರುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಮುಗಿಯುವ ತನಕ ಅದು ಪಟಪಟ ಹಾರುತ್ತಲೇ ಇತ್ತು, ನಾನು ಹಿಂದೆ ತಿರುಗಿ ತಿರುಗಿ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಎರಡನೇ ಜಾಗ, ನಾವು ಮೂರನೇದು.

ದಡಕ್ಕೆ ಬಂದು ತುಂಬುವ ಪ್ರೊಟೆಸ್ಟ್ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತದೆ, ಕೆಂಪು ಬಾವುಟ ತೋರಿಸಿದ್ದು ಯಾವಾಗ ಅಂತ. ‘ಮೇಲಿನ ಮಾರ್ಕ್ ಸುತ್ತಿ ಸ್ಪಿನ್ನೇಕರ್ ಏರಿಸಿದ ಮೇಲೆ’ ಅಂತ ನಾನೇ ನನ್ನ ಕೈಯಾರೆ ಬರೆದೆ. ಅದರ ಜೊತೆಗೆ ಯಾರು ಎಲ್ಲಿದ್ದರು, ಗಾಳಿ ಯಾವ ಕಡೆಯಿಂದ ಅಂತ ಸ್ಕೇಲ್ ಹಿಡಿದು ಚಿತ್ರವನ್ನೂ ಬಿಡಿಸಿದ್ದೆ. ಪ್ರೊಟೆಸ್ಟ್ ಸಮಿತಿಯವರ ವಿಚಾರಣೆಯ ಮೇಜಿನ ಮೇಲೆ ಒಂದು ಚಿಕ್ಕ ಡಬ್ಬಿ ಇತ್ತು, ಅದರಲ್ಲಿ ಬೆರಳುದ್ದದ ಪ್ಲಾಸ್ಟಿಕ್ ದೋಣಿಗಳು, ಘಟನೆಯನ್ನು ಮತ್ತೆ ಜೋಡಿಸಿ ತೋರಿಸುವುದಕ್ಕೆ. ಆ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಮೊದಲ ಪ್ರಶ್ನೆ ಬಾವುಟದ್ದು. ನಾನು ನಿಜ ಹೇಳಿದೆ. ಹೊರಗೆ ಕಾಯಿರಿ ಅಂದರು, ಐದು ನಿಮಿಷಕ್ಕೆ ಕರೆದು ಪ್ರೊಟೆಸ್ಟ್ ಸಿಂಧುವಲ್ಲ ಅಂದರು. ಯಾರ ತಪ್ಪು ಅನ್ನುವ ವಿಚಾರಕ್ಕೆ ಹೋಗಲೇ ಇಲ್ಲ, ಹೋಗುವ ಹಾಗೂ ಇಲ್ಲ.

ನಿಯಮ ಹೇಳುವುದು ಇಷ್ಟೇ: ಕೂಗುವುದಕ್ಕೂ ಬಾವುಟ ತೋರಿಸುವುದಕ್ಕೂ ಸಿಗುವ ಮೊದಲ ಅವಕಾಶದಲ್ಲೇ ಅದನ್ನು ಮಾಡಬೇಕು. ನಮಗೆ ಅನುಕೂಲವಾದಾಗ ಅಲ್ಲ. ಮಾರ್ಕ್ ಹತ್ತಿರ ಇತ್ತು, ಗಾಳಿ ಜೋರಿತ್ತು, ಬಾವುಟ ಒಳಗಿತ್ತು, ಇದೆಲ್ಲ ನಾವು ಮಾಡಿಕೊಂಡ ಏರ್ಪಾಡು. ಬಾವುಟವನ್ನು ಒಳಗೆ ಇಟ್ಟವರು ನಾವೇ ಅಲ್ವಾ? ಲೇಸರ್‌ನಲ್ಲಿ ನನಗೆ ಇದರ ಅಭ್ಯಾಸವೇ ಆಗಿರಲಿಲ್ಲ. 6 ಮೀಟರಿಗಿಂತ ಚಿಕ್ಕ ದೋಣಿಗೆ ಕೂಗಿದರೆ ಸಾಕು, ಬಾವುಟ ಬೇಕಿಲ್ಲ. ಲೇಸರ್ ನಾಲ್ಕು ಮೀಟರ್ ಚಿಲ್ಲರೆ, ಜೆ/24 ಏಳು ಮೀಟರ್ ದಾಟುತ್ತದೆ. ಈ ವ್ಯತ್ಯಾಸ ಪುಸ್ತಕದಲ್ಲಿ ಓದಿದ್ದೆ, ಕೈಗೆ ಇಳಿದಿರಲಿಲ್ಲ.

ಕೆಲವು ತಿಂಗಳು ಇದು ಬರೀ ತಾಂತ್ರಿಕ ಕಾರಣ ಅಂತ ಕುದಿಯುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಎದುರಿನವರು ಆ ಕೆಂಪು ಬಾವುಟ ನೋಡಿದರೆ ಅಲ್ಲೇ ಎರಡು ಸುತ್ತು ಹಾಕಿ ತಪ್ಪು ತೀರಿಸಿಕೊಳ್ಳಬಹುದು. ಗಾಳಿಯಲ್ಲಿ ನನ್ನ ಕೂಗು ಅವರಿಗೆ ಕೇಳಿಸಿತ್ತೋ ಇಲ್ಲವೋ. ನಾಲ್ಕು ನಿಮಿಷ ತಡಮಾಡಿ ಅವರ ಆ ಅವಕಾಶವನ್ನು ನಾನು ಕಿತ್ತುಕೊಂಡಿದ್ದೆ. ಸಮಿತಿಯವರು ಮಾಡಿದ್ದು ಸರಿ.

ಈಗ ನಿಮ್ಮ ಬಾಯಿಪಾಠದ ವಿಷಯ. ಅಂಗಡಿಯ ಸೆಟ್ ಜೊತೆ ಕೊಡುವ ಚೀಟಿಯಲ್ಲಿ ಇರುವುದು ಹಡಗುಗಳ ಅಂತರರಾಷ್ಟ್ರೀಯ ಸಂಕೇತ. ರೇಸಿನಲ್ಲಿ ಅವೇ ಬಾವುಟಗಳಿಗೆ ಬೇರೆ ಅರ್ಥ. ‘ವೈ’ ಅಂದರೆ ಹಡಗಿನವರಿಗೆ ‘ನನ್ನ ಲಂಗರು ಜಾರುತ್ತಿದೆ’, ನಮಗೆ ‘ಲೈಫ್ ಜಾಕೆಟ್ ಹಾಕಿಕೊಳ್ಳಿ’. ‘ಎಸ್’ ಅವರಿಗೆ ‘ಎಂಜಿನ್ ಹಿಮ್ಮುಖ ಓಡುತ್ತಿದೆ’, ನಮಗೆ ‘ಓಟ ಮೊಟಕು ಮಾಡಿದ್ದೇವೆ’. ‘ಎಲ್’ ಅವರಿಗೆ ‘ತಕ್ಷಣ ನಿಲ್ಲಿ’, ನೀರಿನ ಮೇಲಿರುವ ನಮಗೆ ‘ಹತ್ತಿರ ಬನ್ನಿ ಅಥವಾ ಈ ದೋಣಿಯ ಹಿಂದೆ ಬನ್ನಿ’. ಅದನ್ನು ಬಾಯಿಪಾಠ ಮಾಡಿದರೆ ಗೊಂದಲವೇ ಜಾಸ್ತಿ. ಆ ಬಾವುಟಗಳನ್ನೆಲ್ಲ ಹಾರಿಸುವುದು ರೇಸು ನಡೆಸುವವರ ಕಮಿಟಿ ದೋಣಿ, ನೀವಲ್ಲ.

ನೀವು ಗುರುತು ಹಿಡಿಯಬೇಕಾದ್ದು ಹತ್ತು ಹನ್ನೆರಡು. ಸ್ಟಾರ್ಟಿಗೆ 5 ನಿಮಿಷ ಇರುವಾಗ ನಿಮ್ಮ ಕ್ಲಾಸ್ (ದೋಣಿಯ ಬಗೆ) ಬಾವುಟ ಏರುತ್ತದೆ, ಅದು ಯಾವುದು ಅಂತ ಆ ರೇಸಿನ ಸೂಚನೆಯಲ್ಲೇ ಬರೆದಿರುತ್ತದೆ. 4 ನಿಮಿಷಕ್ಕೆ ತಯಾರಿಯ ಬಾವುಟ. 1 ನಿಮಿಷಕ್ಕೆ ಅದು ಇಳಿಯುತ್ತದೆ, ಸೊನ್ನೆಗೆ ಕ್ಲಾಸ್ ಬಾವುಟ ಇಳಿಯುತ್ತದೆ. ತಯಾರಿಯ ಬಾವುಟ ಯಾವುದು ಅಂತ ನೋಡಲೇಬೇಕು. ನೀಲಿಯ ನಡುವೆ ಬಿಳಿ ಚೌಕದ ‘ಪಿ’ ಆದರೆ, ಸ್ಟಾರ್ಟ್ ಗೆರೆಯನ್ನು ಬೇಗ ದಾಟಿದವರು ಹಿಂದೆ ಹೋಗಿ ಮತ್ತೆ ಹೊರಟರಾಯಿತು. ಕಪ್ಪು ಬಾವುಟ ಆದರೆ, ಕೊನೆಯ ನಿಮಿಷದಲ್ಲಿ ಗೆರೆಯಾಚೆ ಸಿಕ್ಕಿಬಿದ್ದವರ ಆ ರೇಸು ಮುಗಿಯಿತು. ‘ಎಸ್’ ಬಾವುಟ ‘ಪಿ’ಯ ತಿರುಗು, ಬಿಳಿಯ ನಡುವೆ ನೀಲಿ ಚೌಕ, ಹೊಸಬರು ತಪ್ಪುವುದು ಇಲ್ಲೇ. ಬಿಳಿ ಮೇಲೆ ನೀಲಿ ಶಿಲುಬೆಯ ‘ಎಕ್ಸ್’ ಸ್ಟಾರ್ಟ್ ಆದ ಕೂಡಲೇ ಬಂದರೆ ಯಾರೋ ಬೇಗ ದಾಟಿದ್ದಾರೆ, ಅದು ನೀವೇ ಇರಬಹುದು. ನೀಲಿ ಅಂಚಿನ ಹಳದಿ ತ್ರಿಕೋನ ಬಂದರೆ ಎಲ್ಲರೂ ವಾಪಸ್. ನೀಲಿ ಬಿಳಿ ಚದುರಂಗದ ‘ಎನ್’ ಅಂದರೆ ರೇಸು ರದ್ದು.

ಹಾರ್ನ್ ಕೇಳಿಕೊಂಡು ಹೊರಡುತ್ತೇವೆ ಅಂತ ಬರೆದಿದ್ದೀರಿ, ದಯವಿಟ್ಟು ಬೇಡ. ಲೆಕ್ಕಕ್ಕೆ ಬರುವುದು ಬಾವುಟ, ಹಾರ್ನ್ ಅಲ್ಲ, ಹಾರ್ನ್ ಊದದೇ ಹೋದರೂ ಸಿಗ್ನಲ್ ಸಿಗ್ನಲ್ಲೇ. ಗೆರೆಯ ಆಚೆ ತುದಿ 300 ಮೀಟರ್ ದೂರ ಇದ್ದರೆ ಸದ್ದು ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಕ್ರೂನಲ್ಲಿ ಒಬ್ಬರ ಕಣ್ಣು ಬಾವುಟದ ಮೇಲೇ ಇರಲಿ, ಅವರಿಗೆ ಆಗ ಬೇರೆ ಕೆಲಸ ಕೊಡಬೇಡಿ.

ಸೆಟ್ಟಿನ ದುಡ್ಡು ಉಳಿಸಿ. ಹಾಯಿ ಹೊಲಿಯುವ ಗಟ್ಟಿ ಬಟ್ಟೆಯಲ್ಲಿ ಒಂದು ಕೆಂಪು ಬಾವುಟ ಮಾಡಿಸಿ. ಕರವಸ್ತ್ರದಷ್ಟು ಚಿಕ್ಕದು ಬೇಡ, ದೂರದಿಂದ ಎದ್ದು ಕಾಣಬೇಕು. ಬ್ಯಾಕ್‌ಸ್ಟೇಗೆ ಕಟ್ಟಿ, ಬಿಗಿಯಾಗಿ ಸುರುಳಿ ಸುತ್ತಿ, ಮೇಲೊಂದು ವೆಲ್ಕ್ರೊ ಪಟ್ಟಿ ಹಾಕಿ. ದೊಡ್ಡ ಹಾಯಿಯ ಹಗ್ಗ ಹಿಡಿಯುವವರು ಕೂತಲ್ಲಿಂದಲೇ ಒಂದು ಕೈಯಲ್ಲಿ ಎಳೆಯುವ ಹಾಗಿರಲಿ. ನಮ್ಮ ದೋಣಿಯಲ್ಲಿ ಈಗ ನಾನು ‘ಪ್ರೊಟೆಸ್ಟ್’ ಅಂದು ಬಾಯಿ ಮುಚ್ಚುವುದರೊಳಗೆ ಬಾವುಟ ಬಿಚ್ಚಿರುತ್ತದೆ. ಪ್ರತಿ ರೇಸಿಗೂ ಮುಂಚೆ, ಕಟ್ಟೆ ಬಿಡುವ ಮೊದಲೇ, ಒಂದು ಸಲ ಎಳೆದು ನೋಡಿ ಮತ್ತೆ ಸುತ್ತಿಡಿ. ಉಪ್ಪು ಹಿಡಿದರೆ ವೆಲ್ಕ್ರೊ ಗಟ್ಟಿಯಾಗಿಬಿಡುತ್ತದೆ, ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ ಸರಿಹೋಗುತ್ತದೆ.