ಸುಳ್ಳು ಅಂಕ ಕೊಟ್ಟ ಮೇಲೆ

ಪ್ರಶ್ನೆ: ಮೇಡಂ, ನಾನು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನನ್ನ ಪ್ರಾಜೆಕ್ಟ್‌ಗೆ ಬಂದವರಿಗೆಲ್ಲ ಒಗಟುಗಳ ಪರೀಕ್ಷೆ ಕೊಡುತ್ತೇನೆ. ಅರ್ಧ ಜನಕ್ಕೆ, ಅವರು ಹೇಗೇ ಬರೆದಿರಲಿ, 'ನಿಮಗೆ ತುಂಬಾ ಕಡಿಮೆ ಅಂಕ ಬಂದಿದೆ' ಎಂದು ಸುಳ್ಳು ಹೇಳಬೇಕು. ಆಮೇಲೆ ಮುಂದಿನ ಒಗಟನ್ನು ಎಷ್ಟು ಹೊತ್ತಿಗೆ ಕೈಬಿಡುತ್ತಾರೆ ಎಂದು ನೋಡುವುದು. ಎಥಿಕ್ಸ್ ಕಮಿಟಿ ಒಪ್ಪಿದೆ. ಕೊನೆಯಲ್ಲಿ ನಿಜ ಹೇಳಿಬಿಟ್ಟರೆ ಸಾಕು ಎನ್ನುತ್ತಾರೆ ಗೈಡ್. ನನಗ್ಯಾಕೋ ಸಮಾಧಾನವಿಲ್ಲ. ಹೀಗೆ ಸುಳ್ಳು ಹೇಳಬಹುದಾ?

ಉತ್ತರ: ಹೇಳಬಹುದು. 'ಈಗ ನಿಮಗೆ ಸುಳ್ಳು ಅಂಕ ಕೊಡ್ತೀನಿ, ಬೇಜಾರಾಗಿ ಬಿಟ್ಟುಬಿಡ್ತೀರಾ ನೋಡೋಣ' ಎಂದು ಮೊದಲೇ ಹೇಳಿದರೆ ಯಾರೂ ಬಿಡುವುದಿಲ್ಲ, ನಿಮ್ಮ ಪ್ರಯೋಗವೂ ಅಲ್ಲಿಗೇ ಮುಗಿಯುತ್ತದೆ. ನನ್ನ ತಕರಾರು ಇರುವುದು ಗೈಡ್ ಹೇಳಿದ ಆ 'ಸಾಕು' ಎಂಬ ಮಾತಿನ ಮೇಲೆ.

ಎಂ.ಎ. ಓದುವಾಗ ನಾನೂ ಇಂಥದ್ದೇ ಪ್ರಯೋಗ ಮಾಡಿದ್ದೆ. ಕೊನೆಯಲ್ಲಿ ಕೊಡಲು ನಾಲ್ಕು ಸಾಲಿನ ಒಂದು ಹಾಳೆ ಟೈಪ್ ಮಾಡಿಸಿ ಇಟ್ಟುಕೊಂಡಿದ್ದೆ: 'ನಿಮಗೆ ಹೇಳಿದ ಅಂಕ ನಿಜವಲ್ಲ, ಸಹಕಾರಕ್ಕೆ ಧನ್ಯವಾದ.' ಒಬ್ಬ ಹುಡುಗಿ ಅದನ್ನು ಓದಿ, ನಕ್ಕು, ಸಹಿ ಹಾಕಿ ಹೋದಳು. ಎರಡು ತಿಂಗಳ ಮೇಲೆ ಲೈಬ್ರರಿಯಲ್ಲಿ ಸಿಕ್ಕಾಗ ಸುಮ್ನೆ ಮಾತಿಗೆ ಅದರ ವಿಷಯ ಎತ್ತಿದೆ. 'ಅಂಕ ಸುಳ್ಳಿರಬಹುದು ಅಕ್ಕಾ, ಆದ್ರೆ ನನ್ನ ತಲೆ ಓಡಲ್ಲ ಅನ್ನೋದು ನಿಜ ಅಲ್ವಾ?' ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಉತ್ತರದ ಹಾಳೆಯನ್ನು ನಾನು ತಿದ್ದಿಯೇ ಇರಲಿಲ್ಲ! ಹೇಗಿದ್ದರೂ ಸುಳ್ಳು ಅಂಕ ತಾನೇ ಎಂದು ಕಟ್ಟಿ ಬದಿಗಿಟ್ಟಿದ್ದೆ. ಅವತ್ತು ರಾತ್ರಿ ಕಟ್ಟು ಬಿಚ್ಚಿ ತಿದ್ದಿದೆ. 20ಕ್ಕೆ 14 ಸರಿ ಇತ್ತು. ನಾನು ಅವಳಿಗೆ ಹೇಳಿದ್ದು 5.

ಇದು ಅವಳೊಬ್ಬಳ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿಯಿತು. ಲೀ ರಾಸ್, ಮಾರ್ಕ್ ಲೆಪ್ಪರ್, ಮೈಕಲ್ ಹಬ್ಬರ್ಡ್ ಎಂಬ ಮೂವರು 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಆತ್ಮಹತ್ಯೆಗೆ ಮುನ್ನ ಬರೆದ ಪತ್ರಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸಬೇಕು. ಕೆಲವರಿಗೆ 'ಬಹಳ ಚೆನ್ನಾಗಿ ಗುರುತಿಸಿದಿರಿ' ಎಂದರು, ಕೆಲವರಿಗೆ 'ನಿಮಗೆ ಬರುವುದಿಲ್ಲ' ಎಂದರು. ಎರಡೂ ಸುಳ್ಳು. ಆ ಮಾತು ಸುಳ್ಳೆಂದು ಬಿಡಿಸಿ ಹೇಳಿದ ಮೇಲೂ ಮೊದಲ ಗುಂಪಿನವರು ತಮಗೆ ಈ ಕೆಲಸ ಜಾಸ್ತಿ ಗೊತ್ತು ಎಂದೇ ಅಂದುಕೊಂಡಿದ್ದರು, ಎರಡನೆಯವರು ತಮಗೆ ಬರುವುದಿಲ್ಲ ಎಂದೇ. ಯಾಕೆ ಅಂದರೆ, 'ಸೋತೆ' ಎಂದು ಕೇಳಿದ ಕೂಡಲೇ ಮನಸ್ಸು ಕಾರಣ ಹುಡುಕಲು ಹೊರಡುತ್ತದೆ. ಏಳನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ತಡವರಿಸಿದ್ದೆಲ್ಲ ನೆನಪಾಗುತ್ತದೆ. ನೀವು ಅಂಕವನ್ನು ವಾಪಸ್ ತಗೋಬಹುದು. ಅದರ ಹಿಂದೆ ಎದ್ದು ಬಂದ ನೆನಪುಗಳು ಅವರವೇ, ಅವು ನಿಜವಾದವು ಬೇರೆ.

ಅದೇ ಪ್ರಯೋಗದಲ್ಲಿ ಪರಿಹಾರವೂ ಸಿಕ್ಕಿತು. ಅಂಕ ಸುಳ್ಳು ಎನ್ನುವುದರ ಜೊತೆಗೆ, 'ಸುಳ್ಳೆಂದು ತಿಳಿದ ಮೇಲೂ ಹೀಗೆ ಅನ್ನಿಸುತ್ತಲೇ ಇರಬಹುದು, ಅದಕ್ಕೆ ಕಾರಣ ಇದು' ಎಂದು ವಿವರಿಸಿದಾಗ ಆ ಗುಂಗು ಬಹುಮಟ್ಟಿಗೆ ಇಳಿಯಿತು.

ಹಾಗಾಗಿ ಹಾಳೆ ಕೊಟ್ಟು ಕಳಿಸಬೇಡಿ, ಎದುರು ಕೂತು ಮಾತಾಡಿ. ಮೊದಲು 'ಏನಾದರೂ ಅನುಮಾನ ಬಂತಾ?' ಎಂದು ಕೇಳಿ. ಅದು ನಿಮ್ಮ ಡೇಟಾಗೂ ಬೇಕು. ಆಮೇಲೆ, ಅವರು ಒಳಗೆ ಬರುವ ಮೊದಲೇ ಯಾವ ಗುಂಪು ಎಂದು ನಿರ್ಧರಿಸಿದ ಚೀಟಿಯನ್ನು ಅವರ ಕೈಗೇ ಕೊಡಿ. ಕಣ್ಣಾರೆ ನೋಡಿದ ಚೀಟಿಯನ್ನು ನಂಬಿದಷ್ಟು ನಮ್ಮ ಮಾತನ್ನು ನಂಬುವುದಿಲ್ಲ, ಆಗ ತಾನೇ ಸುಳ್ಳು ಹೇಳಿದವರು ನಾವು. ನಿಜವಾದ ಉತ್ತರಗಳನ್ನು ಅವರೆದುರೇ ತಿದ್ದಿ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಕನ್ಸೆಂಟ್ ಫಾರ್ಮ್‌ನಲ್ಲಿ 'ಕೆಲವು ವಿವರಗಳನ್ನು ಕೊನೆಯಲ್ಲಿ ತಿಳಿಸುತ್ತೇವೆ' ಎಂಬ ಸಾಲು ಇದೆಯೇ ನೋಡಿಕೊಳ್ಳಿ. ಇನ್ನೂ ಒಂದು: ನಿಜಕ್ಕೂ ಕಷ್ಟದ ಒಗಟುಗಳನ್ನೇ ಕೊಟ್ಟರೆ ಸುಳ್ಳಿನ ಅಗತ್ಯವೇ ಬೀಳದಿರಬಹುದು. ಗೈಡ್ ಹತ್ತಿರ ಇದನ್ನು ಕೇಳಿದ್ದೀರಾ?

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮಿಲ್‌ಗ್ರಾಂ ಪ್ರಯೋಗದಲ್ಲಿ, ಇನ್ನೊಬ್ಬ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಹೆಚ್ಚು ಹೆಚ್ಚು ವೋಲ್ಟಿನ ಶಾಕ್ ಕೊಡಿ ಎಂದು ಬಂದವರಿಗೆ ಹೇಳುತ್ತಿದ್ದರು. ಅದರ ಕೊನೆಯ ಮಟ್ಟ 450 ವೋಲ್ಟ್ ಎನ್ನುವುದು ಮನಶ್ಶಾಸ್ತ್ರದ ಎಲ್ಲ ವಿದ್ಯಾರ್ಥಿಗಳಿಗೂ ಬಾಯಿಪಾಠ. ಶಾಕ್ ಬರೀ ನಾಟಕ ಎಂದು ಹಲವರಿಗೆ ಗೊತ್ತಾದದ್ದು ತಿಂಗಳುಗಳ ನಂತರ, ಅಂಚೆಯಲ್ಲಿ ಬಂದ ವರದಿಯಿಂದ. ಅಷ್ಟು ದಿನ ಅವರು ಹೇಗೆ ನಿದ್ದೆ ಮಾಡಿದರು ಎಂದು ನನ್ನ ಕ್ಲಾಸಿನಲ್ಲಿ ಕೇಳಿದವರು ತೀರಾ ಕಡಿಮೆ.

ಪ್ರಶ್ನೆ: ನಿಜ ಹೇಳಿದ ಮೇಲೆ ಯಾರಾದರೂ ಸಿಟ್ಟಾಗಿ 'ನನ್ನ ಡೇಟಾ ತೆಗೆದುಬಿಡಿ' ಅಂದರೆ? ನನ್ನ ಸ್ಯಾಂಪಲ್ಲೇ ಚಿಕ್ಕದು.

ಉತ್ತರ: ತೆಗೆದುಬಿಡಿ, ಅವರೆದುರೇ. ಎಷ್ಟು ಜನ ಹಾಗೆ ಹಿಂದೆ ಸರಿದರು ಎಂದು ವರದಿಯಲ್ಲಿ ಬರೆಯಿರಿ. ಐದಾರು ಜನರನ್ನು ಜಾಸ್ತಿ ಸೇರಿಸಿಕೊಳ್ಳುವ ಲೆಕ್ಕ ಈಗಲೇ ಹಾಕಿ.