ಗಡಿಯಾಚೆಯ ಅಗ್ಗದ ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಡೆನ್ಮಾರ್ಕಿನ ದಕ್ಷಿಣದ ಊರೊಂದರಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಅವನು ನೋಡಿಟ್ಟ ಹೊಸ ಕಾರು, ಗಡಿಯಾಚೆ ಜರ್ಮನಿಯ ಫ್ಲೆನ್ಸ್‌ಬರ್ಗಿನಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆಯಂತೆ. ಎರಡೂ ಐರೋಪ್ಯ ಒಕ್ಕೂಟದ ದೇಶಗಳೇ ಆಗಿರುವಾಗ ಅವನು ಅಲ್ಲಿಂದಲೇ ಕೊಂಡು ತರಬಾರದೇಕೆ?

ಉತ್ತರ: ಕೊಂಡು ತರಲು ಯಾವ ಅಡ್ಡಿಯೂ ಇಲ್ಲ, ಸುಂಕವೂ ಇಲ್ಲ. ಆದರೆ ನಿಮ್ಮ ಮಗ ಹೋಲಿಸಿರುವುದು ತೆರಿಗೆ ಸೇರಿದ ಎರಡು ಬೆಲೆಗಳನ್ನು. ಹೊಸ ಕಾರಿನ ಮಟ್ಟಿಗೆ ಒಕ್ಕೂಟದ ನಿಯಮವೆಂದರೆ, ತೆರಿಗೆಯು ಮಾರಿದವನ ಊರಿಗಲ್ಲ, ಕಾರು ನೆಲೆಸುವ ಊರಿಗೆ ಸಲ್ಲುತ್ತದೆ. ಆದ್ದರಿಂದ ಅವನು ಜರ್ಮನಿಯ ಶೇ. 19ರ ಮೌಲ್ಯವರ್ಧಿತ ತೆರಿಗೆಯಿಂದ ಪಾರಾಗುತ್ತಾನಾದರೂ ಡೆನ್ಮಾರ್ಕಿನ ಶೇ. 25ನ್ನು ತಪ್ಪದೆ ಕಟ್ಟಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ಹೊರೆ ನೋಂದಣಿ ತೆರಿಗೆಯದು. ಜರ್ಮನಿಯಲ್ಲಿ ಅಂಥ ತೆರಿಗೆಯೇ ಇಲ್ಲ. ಡೆನ್ಮಾರ್ಕಿನಲ್ಲಿ ಒಂದು ಕಾಲಕ್ಕೆ ಅದರ ಮೇಲಿನ ಹಂತದ ದರ ಶೇ. 180ರಷ್ಟಿತ್ತು. 2021ರ ಸುಧಾರಣೆಯು ಮೂರು ಹಂತಗಳನ್ನು ತಂದಿತು: ಕಾರಿನ ಮೌಲ್ಯದ ಮೊದಲ 65,000 ಕ್ರೋನರಿಗೆ (ಕ್ರೋನರ್ ಡೆನ್ಮಾರ್ಕಿನ ಹಣ) ಶೇ. 25, ಅಲ್ಲಿಂದ 2,02,200ರವರೆಗೆ ಶೇ. 85, ಅದರಾಚೆಗೆ ಶೇ. 150. ಈ ಮಿತಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ದರದಲ್ಲಿ 2 ಲಕ್ಷ ಕ್ರೋನರ್ ಮೌಲ್ಯದ ಪೆಟ್ರೋಲ್ ಕಾರಿಗೆ, ಇಂಗಾಲದ ಹೊಗೆಯ ಮೇಲಿನ ಸೇರಿಕೆಗಳನ್ನೂ ಸಿಗುವ ಕಡಿತಗಳನ್ನೂ ಬದಿಗಿಟ್ಟರೆ, 1,31,000 ಕ್ರೋನರ್ ತೆರಿಗೆ ಬೀಳುತ್ತದೆ. ವಿದ್ಯುತ್ ಕಾರುಗಳಿಗೆ ರಿಯಾಯಿತಿಗಳಿವೆ. ನಿಮ್ಮ ಮಗನ ಕಣ್ಣಿಗೆ ಬಿದ್ದ ಅಂತರದ ಬಹುಪಾಲು ಈ ತೆರಿಗೆಯೇ. ಕಾರು ಫ್ಲೆನ್ಸ್‌ಬರ್ಗಿನಿಂದ ಬಂದರೂ ಅದನ್ನು ಬಿಡುವುದಿಲ್ಲ.

ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಬೇರೆಯೇ ಇದೆ. ಒಕ್ಕೂಟದ ಆಡಳಿತ ಸಂಸ್ಥೆಯಾದ ಐರೋಪ್ಯ ಆಯೋಗವು 1993ರಿಂದ ಹಲವು ವರ್ಷಗಳ ಕಾಲ ಸದಸ್ಯ ದೇಶಗಳ ಕಾರು ಬೆಲೆಗಳನ್ನು ಹೋಲಿಸಿ ವರದಿ ಪ್ರಕಟಿಸುತ್ತಿತ್ತು. ತೆರಿಗೆಯನ್ನು ಕಳೆದು ನೋಡಿದಾಗ ಅತಿ ಅಗ್ಗದ ದೇಶಗಳ ಸಾಲಿನಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದ್ದುದು ಡೆನ್ಮಾರ್ಕ್. ದುಬಾರಿ ದೇಶಗಳ ಸಾಲಿನಲ್ಲಿ ಜರ್ಮನಿ. ತೆರಿಗೆಯ ಭಾರಕ್ಕೆ ಗಿರಾಕಿ ಹಿಂಜರಿಯುತ್ತಾನೆಂದು ತಯಾರಕರು ಡೆನ್ಮಾರ್ಕಿನಲ್ಲಿ ಮೂಲಬೆಲೆಯನ್ನೇ ತಗ್ಗಿಸುತ್ತಿದ್ದರು. ಅಂದರೆ ಗಡಿ ದಾಟಿ ಹೊಸ ಕಾರು ಕೊಳ್ಳುವ ಲಾಭವಿದ್ದದ್ದು ಡೆನ್ಮಾರ್ಕಿನವರಿಗಿಂತ ಹೆಚ್ಚಾಗಿ ಜರ್ಮನಿಯವರಿಗೆ. ಆದ್ದರಿಂದ ನಿಮ್ಮ ಮಗ ಎರಡೂ ಕಡೆ ತೆರಿಗೆ ಕಳೆದ ಬೆಲೆಯನ್ನು ಬರಹದಲ್ಲಿ ಕೇಳಿ ಪಡೆದು, ಅವೆರಡನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಲಿ.

ಪ್ರಶ್ನೆ: ಪರದೇಶದ ಗಿರಾಕಿ ಎಂಬ ಕಾರಣಕ್ಕೆ ಡೀಲರ್ ಕಾರು ಮಾರಲು ನಿರಾಕರಿಸಬಹುದೇ?

ಉತ್ತರ: ಡೀಲರ್ ತನ್ನಷ್ಟಕ್ಕೆ ಒಂದು ವ್ಯಾಪಾರವನ್ನು ಬೇಡವೆನ್ನುವುದು ಒಂದು ಮಾತು, ಕಂಪನಿಯೇ ಅವನ ಕೈ ಕಟ್ಟಿ ಹಾಕುವುದು ಕಾನೂನುಬಾಹಿರವಾದ ಇನ್ನೊಂದು ಮಾತು. ಇದು ಇತ್ಯರ್ಥವಾದದ್ದು ಇಟಲಿಯ ಒಂದು ಪ್ರಕರಣದಲ್ಲಿ. 1992ರ ಸೆಪ್ಟೆಂಬರಿನಲ್ಲಿ ಇಟಲಿಯ ಅಂದಿನ ಹಣವಾದ ಲೀರಾ, ಸದಸ್ಯ ದೇಶಗಳ ಹಣದ ದರಗಳನ್ನು ಒಂದು ಮಿತಿಯೊಳಗೆ ಹಿಡಿದಿಡುತ್ತಿದ್ದ ಐರೋಪ್ಯ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದು ಕುಸಿಯಿತು. ಇಟಲಿಯ ಷೋರೂಮುಗಳಲ್ಲಿ ಬೆಲೆಗಳು ಅದೇ ವೇಗದಲ್ಲಿ ಏರಲಿಲ್ಲವಾದ್ದರಿಂದ ಜರ್ಮನಿ ಮತ್ತು ಆಸ್ಟ್ರಿಯದ ಗಿರಾಕಿಗಳು ಆಲ್ಪ್ಸ್ ದಾಟಿ ಬರತೊಡಗಿದರು. ಅವರಿಗೆ ಮಾರದಂತೆ ಫೋಕ್ಸ್‌ವ್ಯಾಗನ್ ಕಂಪನಿಯು ಇಟಲಿಯ ಡೀಲರುಗಳ ಮೇಲೆ ಒತ್ತಡ ಹೇರಿತೆಂದು ಆಯೋಗವು 1998ರಲ್ಲಿ ತೀರ್ಮಾನಿಸಿ 10.2 ಕೋಟಿ ಎಕ್ಯು ದಂಡ ವಿಧಿಸಿತು. ಎಕ್ಯು ಎಂದರೆ ಯೂರೋಗೆ ಮೊದಲು ಬಳಕೆಯಲ್ಲಿದ್ದ ಲೆಕ್ಕದ ಹಣ. 2000ದಲ್ಲಿ ನ್ಯಾಯಾಲಯ ದಂಡವನ್ನು 9 ಕೋಟಿ ಯೂರೋಗೆ ಇಳಿಸಿತಾದರೂ ತಪ್ಪನ್ನು ಎತ್ತಿಹಿಡಿಯಿತು. ಸಾಮಾನ್ಯ ಗಿರಾಕಿಯೊಬ್ಬನ ಹಕ್ಕಿಗೆ ಇಷ್ಟು ದೊಡ್ಡ ಬೆಲೆ ಕಟ್ಟಿದ್ದು ನ್ಯಾಯವೇ ಆಗಿತ್ತೆಂದು ನಾನು ನಂಬುತ್ತೇನೆ.

ಪ್ರಶ್ನೆ: ಹಾಗಾದರೆ ಬಳಸಿದ ಕಾರು ತಂದರೆ ತೆರಿಗೆ ಉಳಿಯುತ್ತದೆಯೇ?

ಉತ್ತರ: ಮೌಲ್ಯವರ್ಧಿತ ತೆರಿಗೆಯಾದರೆ ಉಳಿಯುತ್ತದೆ, ಆದರೆ ‘ಬಳಸಿದ’ ಎಂಬ ಮಾತಿನ ಅರ್ಥವನ್ನು ಎಚ್ಚರದಿಂದ ನೋಡಬೇಕು. ಮೊದಲು ರಸ್ತೆಗಿಳಿದು ಆರು ತಿಂಗಳು ಮೀರಿರಬೇಕು, ಓಡಿದ ದೂರವೂ 6,000 ಕಿಲೋಮೀಟರ್ ದಾಟಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅದು ಹೊಸ ಕಾರೇ. ಎಂಟು ತಿಂಗಳ ಹಿಂದಿನ, 5,000 ಕಿಲೋಮೀಟರ್ ಓಡಿದ ಪ್ರದರ್ಶನದ ಕಾರನ್ನು ಹಳೆಯದೆಂದು ಭಾವಿಸಿ ತಂದವರು ಎರಡನೆಯ ಸಲ ತೆರಿಗೆ ಕಟ್ಟುವ ಸಂಕಟಕ್ಕೆ ಸಿಲುಕುತ್ತಾರೆ.

ನೋಂದಣಿ ತೆರಿಗೆ ಬಳಸಿದ ಕಾರಿಗೂ ಉಂಟು. ಆದರೆ ಅದು ದೇಶದೊಳಗೇ ಮಾರಾಟವಾಗುವ ಅದೇ ವಯಸ್ಸಿನ ಕಾರಿನ ಬೆಲೆಯಲ್ಲಿ ಅಡಗಿರುವ ತೆರಿಗೆಯನ್ನು ಮೀರುವಂತಿಲ್ಲ. ಹೊರಗಿನಿಂದ ಬಂದ ಹಳೆಯ ಕಾರುಗಳಿಗೆ ಹೊಸದರ ಲೆಕ್ಕ ಹಚ್ಚುತ್ತಿದ್ದ ಡೆನ್ಮಾರ್ಕಿನ ವಿರುದ್ಧವೇ ಐರೋಪ್ಯ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿದೆ. ತೆರಿಗೆಯ ಮೌಲ್ಯಮಾಪನ ಅತಿಯಾಯಿತೆನಿಸಿದರೆ ಅಂಥದೇ ಕಾರುಗಳ ಸ್ಥಳೀಯ ಬೆಲೆಗಳನ್ನು ಮುಂದಿಟ್ಟು ಆಕ್ಷೇಪಿಸಲು ಹಿಂಜರಿಯಬೇಡಿ.

ಹಣ ಕೊಡುವ ಮುನ್ನ ಕಾರು ಐರೋಪ್ಯ ಮಾದರಿಗೆ ಒಪ್ಪುತ್ತದೆಂದು ತಯಾರಕರು ಕೊಡುವ ಅನುಸರಣಾ ಪ್ರಮಾಣಪತ್ರ ಕೈಗೆ ಬಂದಿರಲಿ. ಅದಿಲ್ಲದೆ ನೋಂದಣಿ ತಿಂಗಳುಗಟ್ಟಲೆ ಎಳೆಯಬಹುದು. ಜರ್ಮನಿಯಿಂದ ಓಡಿಸಿಕೊಂಡು ಬರುವುದಾದರೆ ಅಲ್ಲಿಯ ರಫ್ತು ಸಂಖ್ಯಾಫಲಕವನ್ನು ಪಡೆಯಿರಿ. ಅದು ಅಲ್ಪಾವಧಿಯ ವಿಮೆಯೊಂದಿಗೇ ದೊರೆಯುತ್ತದೆ.